ಎರಡು ನೆಟ್‌ವರ್ಕ್ ಸ್ವಿಚ್ ಜೋಡಿಸಿದರೆ, ಒಂದು ಹೋದಾಗ ಇನ್ನೊಂದು ತಾನಾಗೇ ನೋಡಿಕೊಳ್ಳುತ್ತಾ?

ಭೋಸರಿ_ಐಟಿ

ಎಲ್ಲರಿಗೂ ನಮಸ್ಕಾರ. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಐಟಿ ನೋಡಿಕೊಳ್ಳುತ್ತೇನೆ. ಐಟಿ ಅಂದರೆ ನಾನೊಬ್ಬನೇ. ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಿಕೊಂಡರೂ ನಾನೇ, ಸರ್ವರ್ ನಿಂತರೂ ನಾನೇ.

ಹೋದ ತಿಂಗಳು ನಮ್ಮ ಹಳೇ ಸ್ವಿಚ್, ಅಂದರೆ ಪಿಸಿ, ಫೋನ್‌ಗಳ ನೆಟ್ ಕೇಬಲ್ ಎಲ್ಲ ಬಂದು ಸೇರುವ ಡಬ್ಬಿ, ಅದರ ಪವರ್ ಸಪ್ಲೈ ಸುಟ್ಟು ಹೋಯಿತು. ಟ್ಯಾಲಿ ಬಂದ್, ಇ-ವೇ ಬಿಲ್ ಬಂದ್. ಮಾಲು ತುಂಬಿದ ಟೆಂಪೋ ಸಂಜೆವರೆಗೂ ಗೇಟಿನಲ್ಲೇ ನಿಂತಿತ್ತು. ಮಾಲೀಕರು "ಇನ್ಮೇಲೆ ನೆಟ್ ನಿಲ್ಲಬಾರದು, ಏನು ಬೇಕೋ ತಗೋ" ಅಂದರು. ಹಾಗಂತ ಕೇಳಿದ್ದೆಲ್ಲ ಕೊಡಿಸುವವರಲ್ಲ. ಒಂದೇ ಮಾಡೆಲ್‌ನ ಎರಡು 24 ಪೋರ್ಟ್ ಮ್ಯಾನೇಜ್ಡ್ (ಸೆಟಿಂಗ್ ಬದಲಿಸಬಹುದಾದ) ಗಿಗಾಬಿಟ್ ಸ್ವಿಚ್ ಬಂದಿವೆ, ಅಷ್ಟೇ.

ಕೊಟ್ಟ ಅಂಗಡಿಯ ಹುಡುಗ ಬಂದು ಎರಡರ ಮಧ್ಯೆ ಒಂದು ಪ್ಯಾಚ್ ಕಾರ್ಡ್ ಹಾಕಿದ. ಎಲ್ಲ ಸರಿ ಇತ್ತು. ಆಮೇಲೆ "ರಿಡಂಡೆನ್ಸಿಗೆ ಇನ್ನೊಂದು ಇರಲಿ" ಅಂತ ಎರಡನೆಯದನ್ನೂ ಸಿಕ್ಕಿಸಿದ. ತಕ್ಷಣ ಎರಡೂ ಸ್ವಿಚ್‌ಗಳ ಎಲ್ಲ ಲೈಟುಗಳೂ ಒಟ್ಟಿಗೆ ಮಿಣಮಿಣ ಅನ್ನತೊಡಗಿದವು, ಫೋನ್ ಸತ್ತವು, ಸರ್ವರ್ ಪಿಂಗ್ ಆಗಲಿಲ್ಲ (ಇದ್ದೀಯಾ ಅಂತ ಕೇಳಿದರೆ ಉತ್ತರ ಇಲ್ಲ). ಎರಡನೇ ಕೇಬಲ್ ಕಿತ್ತ ಮೇಲೆ ಸರಿಹೋಯಿತು. ಹುಡುಗ "ಕೇಬಲ್ ಫಾಲ್ಟಿ" ಅಂತ ಹೇಳಿ ಹೊರಟೇ ಹೋದ. ಫೋನ್ ಮಾಡಿದರೆ ಎತ್ತುತ್ತಿಲ್ಲ.

ನಮ್ಮಲ್ಲಿ ಇರುವುದು: ಒಂದು ವಿಂಡೋಸ್ ಸರ್ವರ್, ಅದರಲ್ಲಿ ಎರಡು ಲ್ಯಾನ್ ಪೋರ್ಟ್. ಒಂದು ರೌಟರ್. ಪಿಸಿ, ಐಪಿ ಫೋನ್, ಹಾಜರಿ ಮಷೀನ್, ಸಿಸಿಟಿವಿ ಎಲ್ಲ ಸೇರಿ 34 ಪೋರ್ಟ್ ಬೇಕು. ಕೆಳಗೆ ಶಾಪ್ ಫ್ಲೋರ್‌ನಲ್ಲಿ ಒಂದು 8 ಪೋರ್ಟಿನ ಸಾದಾ ಸ್ವಿಚ್ ಇದೆ. ಪಿಒಇ (ನೆಟ್ ಕೇಬಲ್‌ನಲ್ಲೇ ಕರೆಂಟ್ ಕೊಡುವುದು) ಇಲ್ಲ, ಫೋನ್‌ಗಳಿಗೆ ಅಡಾಪ್ಟರ್ ಇದೆ.

ಕೇಳಬೇಕಾದ್ದು ಇಷ್ಟೇ. ಎರಡು ಕೇಬಲ್ ಹಾಕಲೇಬಾರದಾ? ಹಾಕುವುದಾದರೆ ಸ್ವಿಚ್‌ನ ಸೆಟಿಂಗ್‌ನಲ್ಲಿರುವ ಸ್ಪ್ಯಾನಿಂಗ್ ಟ್ರೀ (ಒಂದನ್ನು ತಡೆದಿಡುವುದು) ಸಾಕಾ, ಎಲ್‌ಎಸಿಪಿ (ಎರಡನ್ನೂ ಸೇರಿಸಿ ಒಂದೇ ಮಾಡುವುದು) ಬೇಕಾ? ಒಂದು ಸ್ವಿಚ್ ಪೂರ್ತಿ ಸತ್ತರೆ ಇನ್ನೊಂದು ತಾನೇ ಎಲ್ಲ ವಹಿಸಿಕೊಳ್ಳುತ್ತಾ?

ಅಂಧೇರಿ_ರಾತ್ರಿಪಾಳಿ

ಮಾರಾಯ್ರೇ, ಕೇಬಲ್ ಫಾಲ್ಟಿ ಅಲ್ಲ. ಕೇಬಲ್ ಸರಿ ಇದ್ದದ್ದಕ್ಕೇ ಹಾಗಾದದ್ದು. ಅದು ಲೂಪ್.

ಯಾವುದೋ ಒಂದು ಪಿಸಿ ಸರ್ವರನ್ನು ಹುಡುಕಿಕೊಂಡು ಎಆರ್‌ಪಿ ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ ಹೋಗುವ ವಿಚಾರಣೆ, ಕಳಿಸುತ್ತದೆ. ಬ್ರಾಡ್‌ಕಾಸ್ಟ್ ಬಂದರೆ ಸ್ವಿಚ್ ಅದನ್ನು ಬಂದ ಪೋರ್ಟ್ ಬಿಟ್ಟು ಉಳಿದ ಎಲ್ಲ ಪೋರ್ಟಿಗೂ ಹಂಚುತ್ತದೆ. ಮೊದಲ ಕೇಬಲ್‌ನಲ್ಲಿ ಆಚೆ ಹೋದದ್ದು ಎರಡನೆಯದರಲ್ಲಿ ವಾಪಸ್ ಬರುತ್ತದೆ, ಈ ಸ್ವಿಚ್ ಅದನ್ನು ಹೊಸದು ಅಂದುಕೊಂಡು ಮತ್ತೆ ಎಲ್ಲರಿಗೂ ಹಂಚುತ್ತದೆ, ಅದು ಮತ್ತೆ ಆಚೆ ಹೋಗುತ್ತದೆ. ಐಪಿ ಪ್ಯಾಕೆಟ್‌ಗಾದರೆ ಟಿಟಿಎಲ್ ಅಂತ ಇದೆ. ಒಂದೊಂದು ರೌಟರ್ ದಾಟಿದಾಗಲೂ ಒಂದೊಂದು ಕಡಿಮೆಯಾಗಿ, ಸೊನ್ನೆಗೆ ಬಂದರೆ ಪ್ಯಾಕೆಟ್ ಅಲ್ಲೇ ಬಿದ್ದು ಹೋಗುತ್ತದೆ. ಸ್ವಿಚ್‌ಗಳ ಮಧ್ಯೆ ಓಡಾಡುವ ಎತರ್ನೆಟ್ ಫ್ರೇಮಿಗೆ ಅಂಥದ್ದೇನೂ ಇಲ್ಲ. ಕೇಬಲ್ ಕೀಳುವ ತನಕ ಸುತ್ತುತ್ತಲೇ ಇರುತ್ತದೆ, ಅಷ್ಟರಲ್ಲಿ ಇನ್ನಷ್ಟು ಬಂದು ಸೇರುತ್ತವೆ. ನೀವು ನೋಡಿದ ಮಿಣಮಿಣ ಅದೇ.

ಇದಕ್ಕೆ ಮದ್ದು ಹಳೆಯದು. 1985ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರಾಡಿಯಾ ಪರ್ಲ್‌ಮನ್ ಸ್ಪ್ಯಾನಿಂಗ್ ಟ್ರೀ ಮಾಡಿಕೊಟ್ಟರು, 1990ರಲ್ಲಿ ಅದು 802.1ಡಿ ಅಂತ ಸ್ಟ್ಯಾಂಡರ್ಡ್ ಆಯಿತು. ಸ್ವಿಚ್‌ಗಳು ಬಿಪಿಡಿಯು ಅನ್ನುವ ಸಣ್ಣ ಫ್ರೇಮ್‌ಗಳನ್ನು 2 ಸೆಕೆಂಡಿಗೊಮ್ಮೆ ಕಳಿಸುತ್ತಾ, ಲೂಪ್ ಇದೆ ಅಂತ ಗೊತ್ತಾದರೆ ಒಂದು ಪೋರ್ಟನ್ನು ತಡೆದು ಇಡುತ್ತವೆ. ನಡೆಯುತ್ತಿರುವ ಕೇಬಲ್ ಹೋದರೆ ತಡೆದದ್ದನ್ನು ತೆರೆಯುತ್ತವೆ. ಹಳೇ ಸ್ಪ್ಯಾನಿಂಗ್ ಟ್ರೀಯಲ್ಲಿ ಈ ತೆರೆಯುವ ಕೆಲಸಕ್ಕೆ 30ರಿಂದ 50 ಸೆಕೆಂಡ್ ಬೇಕು. 2001ರಲ್ಲಿ ಬಂದ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ, ಅಂದರೆ ಆರ್‌ಎಸ್‌ಟಿಪಿ, ಅದನ್ನೇ ಬೇಗ ಮಾಡುತ್ತದೆ. ಕಡಿಮೆ ಬೆಲೆಯ ಎಷ್ಟೋ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಇದು ಡಬ್ಬಿಯಿಂದ ತೆಗೆದಾಗ ಆಫ್ ಇರುತ್ತದೆ. ನಿಮ್ಮದೂ ಅದೇ ಇರಬೇಕು. ಮೊದಲು ಎರಡರಲ್ಲೂ ಆರ್‌ಎಸ್‌ಟಿಪಿ ಆನ್ ಮಾಡಿ.

ಆದರೆ ಎರಡು ಸ್ವಿಚ್ ಮಧ್ಯೆ ಎರಡು ಕೇಬಲ್ ಅಂದರೆ ಎಲ್‌ಎಸಿಪಿಯೇ ಸರಿ. ಸ್ಪ್ಯಾನಿಂಗ್ ಟ್ರೀ ಒಂದೇ ಇದ್ದರೆ ಎರಡನೇ ಕೇಬಲ್ ಸುಮ್ನೆ ಕೂತಿರುತ್ತದೆ. ಎಲ್‌ಎಸಿಪಿಯಲ್ಲಿ ಎರಡೂ ಕೆಲಸ ಮಾಡುತ್ತವೆ, ಒಂದನ್ನು ಕಿತ್ತರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದಕ್ಕೆ ಹೋಗುತ್ತದೆ. ಸ್ಪ್ಯಾನಿಂಗ್ ಟ್ರೀಯ ಕಣ್ಣಿಗೆ ಎರಡೂ ಸೇರಿ ಒಂದೇ ಪೋರ್ಟ್, ಹಾಗಾಗಿ ಯಾವುದನ್ನೂ ತಡೆಯುವುದಿಲ್ಲ.

23 ಮತ್ತು 24ನೇ ಪೋರ್ಟನ್ನು ಇದಕ್ಕೆ ಇಟ್ಟುಕೊಳ್ಳಿ. ಎರಡೂ ಸ್ವಿಚ್‌ನಲ್ಲಿ ಗ್ರೂಪ್ ಮಾಡಿ, ಮೋಡ್ ಆಕ್ಟಿವ್ ಇಡಿ. ಎರಡೂ ಕಡೆ ಪ್ಯಾಸಿವ್ ಇಟ್ಟರೆ ಇಬ್ಬರೂ ಕಾಯುತ್ತಾ ಕೂರುತ್ತಾರೆ, ಗ್ರೂಪ್ ಏಳುವುದೇ ಇಲ್ಲ. ಸ್ಟ್ಯಾಟಿಕ್ ಅನ್ನುವ ಆಯ್ಕೆಗೆ ಕೈ ಹಾಕಬೇಡಿ, ಒಂದು ಕಡೆ ಸೆಟಿಂಗ್ ಹಾರಿಹೋದರೂ ಅದಕ್ಕೆ ತಿಳಿಯುವುದಿಲ್ಲ. ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್) ಇದ್ದರೆ ಗ್ರೂಪಿಗೆ ಕೊಡಿ, ಬಿಡಿ ಪೋರ್ಟಿಗಲ್ಲ. ಇಷ್ಟೆಲ್ಲ ಎರಡೂ ಕಡೆ ಮುಗಿದ ಮೇಲೆ ಮಾತ್ರ ಎರಡನೇ ಕೇಬಲ್.

ಇನ್ನೊಂದು. 1 ಗಿಗಾಬಿಟ್‌ನ ಎರಡು ಕೇಬಲ್ ಹಾಕಿದ್ದಕ್ಕೆ ಒಂದು ಫೈಲ್ ಕಾಪಿ 2 ಗಿಗಾಬಿಟ್‌ನಲ್ಲಿ ಓಡುವುದಿಲ್ಲ. ಯಾರಿಂದ ಯಾರಿಗೆ ಹೋಗುತ್ತಿದೆ ಅಂತ ನೋಡಿ ಒಂದು ಸಂಪರ್ಕವನ್ನು ಒಂದೇ ಕೇಬಲ್‌ಗೆ ಹಾಕುತ್ತದೆ. ಮಾಲೀಕರಿಗೆ ಮೊದಲೇ ಹೇಳಿಬಿಡಿ.

ವಾಸ್ಕೋ_ಕ್ರಿಂಪರ್

ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಅಣ್ಣಾ, ನಿಮ್ಮಲ್ಲಿ ಹೋದದ್ದು ಕೇಬಲ್ ಅಲ್ಲ, ಪವರ್ ಸಪ್ಲೈ. ಒಂದೇ ರ‍್ಯಾಕ್‌ನಲ್ಲಿರುವ ಅರ್ಧ ಮೀಟರ್ ಪ್ಯಾಚ್ ಕಾರ್ಡ್ ಯಾಕೆ ಸಾಯುತ್ತದೆ ಹೇಳಿ? ನಾನು ಗೋವಾದಲ್ಲಿ ಹೋಟೆಲ್‌ಗಳಿಗೆ ನೆಟ್‌ವರ್ಕ್ ಹಾಕುತ್ತೇನೆ. ಇಲ್ಲಿ ಸಮುದ್ರದ ಗಾಳಿಗೆ ಪಿನ್ ಹಸಿರಾಗುತ್ತದೆ, ಮಳೆಗಾಲದಲ್ಲಿ ಸಿಡಿಲಿಗೆ ಪೋರ್ಟ್ ಹೋಗುತ್ತದೆ, ಆದರೂ ಹೆಚ್ಚಿನ ಸಲ ಫೋನ್ ಬರುವುದು ಕರೆಂಟಿನ ವಿಷಯಕ್ಕೇ. ಅಡಾಪ್ಟರ್ ಸುಟ್ಟಿತು, ಯುಪಿಎಸ್ ಬ್ಯಾಟರಿ ಹೋಯಿತು, ಹೌಸ್‌ಕೀಪಿಂಗ್‌ನವರು ವ್ಯಾಕ್ಯೂಮ್ ಕ್ಲೀನರ್‌ಗೆ ಅಂತ ಪ್ಲಗ್ ಕಿತ್ತರು.

ಅದಕ್ಕೇ ಮೊದಲ ಪ್ರಶ್ನೆ: ಎರಡೂ ಸ್ವಿಚ್ ಎಲ್ಲಿಗೆ ಪ್ಲಗ್ ಆಗಿವೆ? ಒಂದೇ ಯುಪಿಎಸ್‌ನ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಅಂದರೆ ನೀವು ಕೊಂಡಿರುವುದು 48 ಪೋರ್ಟಿನ ಒಂದು ಸ್ವಿಚ್, ಅಷ್ಟೇ. ಪಿಒಇ ಇಲ್ಲದ 24 ಪೋರ್ಟ್ ಸ್ವಿಚ್ 20 ವ್ಯಾಟ್ ಆಸುಪಾಸು ತಿನ್ನುತ್ತದೆ. ಎರಡನೆಯದಕ್ಕೆ ಬೇರೆ ಒಂದು ಸಣ್ಣ 600 ವಿಎ ಯುಪಿಎಸ್ ಸಾಕು. ಸಾಧ್ಯವಾದರೆ ಬೇರೆ ಎಂಸಿಬಿಯಿಂದ ಲೈನ್ ತಗೊಳ್ಳಿ.

ಇನ್ನು "ತಾನೇ ವಹಿಸಿಕೊಳ್ಳುತ್ತಾ" ಅಂತ ಕೇಳಿದಿರಿ. ಇಲ್ಲ. ಎರಡು ಸ್ವಿಚ್‌ಗೆ ಎ, ಬಿ ಅನ್ನೋಣ. ಪಿಸಿಗೆ ಇರುವುದು ಒಂದೇ ಕೇಬಲ್. ಅದು ಎ ಸ್ವಿಚ್‌ನಲ್ಲಿದ್ದು ಎ ಸತ್ತರೆ ಆ ಪಿಸಿ ಸತ್ತ ಹಾಗೇ, ಮಧ್ಯದಲ್ಲಿ ಎರಡು ಹಾಕಿ, ಎಂಟು ಹಾಕಿ. ಯಾರಾದರೂ ಹೋಗಿ ಕೇಬಲ್ ಬದಲಿಸಬೇಕು. ಅದೂ ಎಲ್ಲ ಹಿಡಿಸುವುದಿಲ್ಲ: ನಿಮಗೆ 34 ಬೇಕು, ಒಂದು ಸ್ವಿಚ್‌ನಲ್ಲಿ ಇರುವುದು 24. ಹಾಗಾಗಿ ಯಾರು ಮೊದಲು ಅಂತ ಈಗಲೇ ಬರೆದಿಡಿ. ನಿಮ್ಮ ಕಥೆ ಕೇಳಿದರೆ ಟ್ಯಾಲಿಯವರು ಮತ್ತು ಡಿಸ್ಪ್ಯಾಚ್‌ನವರು ಮೊದಲು. ಇಬ್ಬರನ್ನೂ ಒಂದೇ ಸ್ವಿಚ್‌ನಲ್ಲಿ ಇಡಬೇಡಿ. ಅಕೌಂಟ್ಸ್‌ನ ಎರಡು ಪಿಸಿ ಎಯಲ್ಲಿ, ಎರಡು ಬಿಯಲ್ಲಿ. ಆಗ ಯಾವುದು ಹೋದರೂ ಬಿಲ್ ಹೊಡೆಯಲು ಒಬ್ಬರಾದರೂ ಇರುತ್ತಾರೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಸರ್ವರ್‌ಗೆ ಮಾತ್ರ ಎರಡು ಪೋರ್ಟ್ ಇದೆಯಲ್ಲ, ಒಂದು ಎಗೆ, ಇನ್ನೊಂದು ಬಿಗೆ. ಒಂದು ಹೋದರೆ ಇನ್ನೊಂದು ತಾನೇ ವಹಿಸಿಕೊಳ್ಳುವ ನಿಜವಾದ ಫೇಲ್‌ಓವರ್ ಸಿಗುವುದು ಅಲ್ಲೇ.

ಭೋಸರಿ_ಐಟಿ

ಇಬ್ಬರಿಗೂ ಥ್ಯಾಂಕ್ಸ್. ಹೌದು, ಒಂದೇ ಯುಪಿಎಸ್, ಒಂದೇ ಬೋರ್ಡ್. ಇವತ್ತೇ ಹೇಳುತ್ತೇನೆ.

ಸರ್ವರ್‌ನ ಎರಡು ಪೋರ್ಟಿಗೂ ಎಲ್‌ಎಸಿಪಿ ಮಾಡಲಾ? ಮತ್ತೆ ರೌಟರ್ ಹಿಂದೆ ನಾಲ್ಕು ಲ್ಯಾನ್ ಪೋರ್ಟ್ ಇವೆ, ಒಂದನ್ನು ಎಗೆ, ಇನ್ನೊಂದನ್ನು ಬಿಗೆ ಕೊಟ್ಟರೆ ನೆಟ್ ಕೂಡ ಉಳಿಯುತ್ತೆ ಅಲ್ವಾ? ನಮ್ಮ ಅಕೌಂಟೆಂಟ್‌ನ ಗೆಳೆಯರೊಬ್ಬರು ಸ್ಟ್ಯಾಕಿಂಗ್ ಇರುವ ಸ್ವಿಚ್ ತಗೊಂಡಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ ಅಂದರು. ನಿಜಾನಾ?

ಹಿಂಜವಡಿ_ಬೆಳಗಾವಿ

ನಿಮ್ಮ ಊರಿನವನೇ ರೀ, ಹಿಂಜವಡಿಯಲ್ಲಿ ಇದೇ ಕೆಲಸ. ಒಂದೊಂದಾಗಿ ಹೇಳುತ್ತೇನೆ.

ಸರ್ವರ್‌ಗೆ ಎಲ್‌ಎಸಿಪಿ ಬೇಡ. ಎಲ್‌ಎಸಿಪಿ ಗ್ರೂಪಿನ ಎರಡೂ ಕೇಬಲ್ ಆಚೆ ಬದಿಯಲ್ಲಿ ಒಂದೇ ಸ್ವಿಚ್‌ಗೆ ಹೋಗಬೇಕು, ಅಥವಾ ಸ್ಟ್ಯಾಕ್ ಆಗಿ ಒಂದೇ ಅನ್ನಿಸಿಕೊಳ್ಳುವ ಎರಡಕ್ಕೆ. ನಿಮ್ಮವು ಬೇರೆ ಬೇರೆ ಎರಡು. ವಿಂಡೋಸ್ ಸರ್ವರ್‌ನಲ್ಲಿ 2012ರಿಂದ ನಿಕ್ ಟೀಮಿಂಗ್ ಇದೆ, ಎರಡು ಲ್ಯಾನ್ ಪೋರ್ಟನ್ನು ಒಂದಾಗಿ ಬಳಸುವುದು. ಅದರಲ್ಲಿ ಸ್ವಿಚ್ ಇಂಡಿಪೆಂಡೆಂಟ್ ಆರಿಸಿ, ಒಂದು ಅಡಾಪ್ಟರನ್ನು ಸ್ಟ್ಯಾಂಡ್‌ಬೈ ಇಡಿ. ಸ್ವಿಚ್‌ನಲ್ಲಿ ಏನೂ ಮುಟ್ಟಬೇಕಿಲ್ಲ. ಲಿನಕ್ಸ್ ಆಗಿದ್ದರೆ ಬಾಂಡಿಂಗ್‌ನ ಆಕ್ಟಿವ್-ಬ್ಯಾಕಪ್, ಅದೇ ಕೆಲಸ. ಇವೆರಡೂ ನೋಡುವುದು ಲಿಂಕ್ ಇದೆಯೋ ಇಲ್ಲವೋ ಅಂತ. ಸ್ವಿಚ್ ಹ್ಯಾಂಗ್ ಆಗಿ ಲೈಟ್ ಮಾತ್ರ ಉರಿಯುತ್ತಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಆಗ ನೀವೇ ಹೋಗಿ ಪ್ಲಗ್ ಕೀಳಬೇಕು.

ಮಧ್ಯದ ಎರಡು ಕೇಬಲ್ ವ್ಯರ್ಥ ಅಂದುಕೊಳ್ಳಬೇಡಿ. ಸರ್ವರ್ ಬಿಗೆ ಜಿಗಿದ ಮೇಲೆ ಎಯಲ್ಲಿರುವ ಎಲ್ಲ ಪಿಸಿಗಳ ಟ್ಯಾಲಿಯೂ ಆ ದಾರಿಯಿಂದಲೇ ಹೋಗಬೇಕು.

ರೌಟರ್ ವಿಷಯದಲ್ಲಿ ಹುಷಾರ್. ಹಿಂದಿನ ನಾಲ್ಕು ಲ್ಯಾನ್ ಪೋರ್ಟ್ ಅಂದರೆ ಅದರೊಳಗೇ ಒಂದು ಸಣ್ಣ ಸ್ವಿಚ್ ಇದ್ದ ಹಾಗೆ. ಎ, ಬಿ, ರೌಟರ್ ಮೂರೂ ಸೇರಿ ತ್ರಿಕೋನ ಆಯಿತು. ಅದೂ ಲೂಪೇ. ಆರ್‌ಎಸ್‌ಟಿಪಿ ಹಿಡಿಯುತ್ತದೆ ಅಂತ ಧೈರ್ಯ ಮಾಡಬೇಡಿ, ಏಕೆಂದರೆ ಆ ಬಿಪಿಡಿಯು ರೌಟರ್ ದಾಟಿ ಆಚೆ ಬಂದರೆ ಮಾತ್ರ ಹಿಡಿಯಲು ಸಾಧ್ಯ. ಕೆಲವು ರೌಟರ್ ದಾಟಿಸುತ್ತವೆ, ಕೆಲವು ನುಂಗಿಬಿಡುತ್ತವೆ, ಆದರೆ ಬ್ರಾಡ್‌ಕಾಸ್ಟ್ ಅನ್ನು ಮಾತ್ರ ಎಲ್ಲವೂ ದಾಟಿಸುತ್ತವೆ. ಮೈಕ್ರೋಟಿಕ್ ಥರದ್ದಾದರೆ ಅದರ ಬ್ರಿಡ್ಜ್‌ನಲ್ಲಿ ಆರ್‌ಎಸ್‌ಟಿಪಿ ಮೊದಲೇ ಆನ್ ಇರುತ್ತದೆ, ಅಂಥದ್ದಕ್ಕೆ ಎರಡು ಕೇಬಲ್ ಕೊಡಬಹುದು. ಸಾದಾ ರೌಟರ್ ಆದರೆ ಎಗೆ ಒಂದೇ ಕೊಡಿ. ಬಿಗೆ ಹೋಗುವ ಕೇಬಲ್ ಹಳದಿ ಬಣ್ಣದ್ದಿರಲಿ, ರೌಟರ್ ಕಡೆ ಸಿಕ್ಕಿಸದೆ ಲೇಬಲ್ ಹಚ್ಚಿ ಕಟ್ಟಿಡಿ. ರಜೆಯಲ್ಲಿದ್ದಾಗ ಫೋನ್‌ನಲ್ಲೇ "ಹಳದಿ ಕೇಬಲ್ ಸಿಕ್ಕಿಸು" ಅಂತ ವಾಚ್‌ಮನ್‌ಗೂ ಹೇಳಬಹುದು. ರೌಟರ್‌ಗಳೂ ಎರಡು ಬೇಕು ಅಂದರೆ ವಿಆರ್‌ಆರ್‌ಪಿ ಇದೆ, ಎರಡೂ ಸೇರಿ ಒಂದೇ ಗೇಟ್‌ವೇ ಐಪಿ ತೋರಿಸುತ್ತವೆ. ನಿಮ್ಮ ಮಾಲೀಕರ ಮೂಡ್ ನೋಡಿ ಕೇಳಿ.

ಸ್ಟ್ಯಾಕಿಂಗ್ ಒಳ್ಳೆಯದೇ. ಎರಡು ಸ್ವಿಚ್ ಒಂದಾಗಿ ನಡೆಯುತ್ತವೆ, ಸರ್ವರ್‌ಗೆ ಎಲ್‌ಎಸಿಪಿ ಮಾಡಬಹುದು, ಒಂದೇ ಐಪಿಯಲ್ಲಿ ಎರಡನ್ನೂ ಸೆಟ್ ಮಾಡಬಹುದು. ಆದರೆ ಮಿದುಳೂ ಒಂದೇ. ಫರ್ಮ್‌ವೇರ್ ಹಾಕಿದಾಗ ಎಷ್ಟೋ ಸ್ಟ್ಯಾಕ್‌ಗಳಲ್ಲಿ ಎರಡೂ ಒಟ್ಟಿಗೆ ರೀಬೂಟ್ ಆಗುತ್ತವೆ. ಸೆಟಿಂಗ್ ಕೆಟ್ಟರೆ ಎರಡೂ ಕೆಡುತ್ತವೆ. ಡೇಟಾ ಸೆಂಟರ್‌ನವರು ಅದಕ್ಕೇ ಎಂಲ್ಯಾಗ್‌ಗೆ ಹೋಗುತ್ತಾರೆ, ಅಲ್ಲಿ ಎರಡಕ್ಕೂ ಬೇರೆ ಬೇರೆ ಮಿದುಳು. 34 ಪೋರ್ಟಿನ ಆಫೀಸಿಗೆ ಅದೆಲ್ಲ ಬೇಡ.

ಅಂಧೇರಿ_ರಾತ್ರಿಪಾಳಿ

ಸ್ಟ್ಯಾಕ್ ಬಗ್ಗೆ ಅಷ್ಟು ಹೆದರಿಸಬೇಡಿ ಮಾರಾಯ್ರೇ. ವರ್ಷಕ್ಕೊಮ್ಮೆ ಫರ್ಮ್‌ವೇರ್ ಹಾಕುವುದು, ಅದೂ ರಾತ್ರಿ. ಭೋಸರಿಯಲ್ಲಿ ರಾತ್ರಿ ಯಾರು ಬಿಲ್ ಹೊಡೆಯುತ್ತಾರೆ? ಒಬ್ಬನೇ ನೋಡಿಕೊಳ್ಳುವ ಜಾಗದಲ್ಲಿ ಒಂದೇ ಕಡೆ ಸೆಟ್ ಮಾಡುವುದು ದೊಡ್ಡ ಅನುಕೂಲ. ಈಗ ಕೊಂಡಾಗಿದೆ, ಹಾಗಾಗಿ ಬಿಡಿ. ಮುಂದಿನ ಸಲ ಕೊಳ್ಳುವಾಗ ವಿಚಾರ ಮಾಡಿ.

ರೂಟ್ ಬ್ರಿಡ್ಜ್, ಅಂದರೆ ಸ್ಪ್ಯಾನಿಂಗ್ ಟ್ರೀಯ ಯಜಮಾನ ಸ್ವಿಚ್, ಯಾವುದು ಅಂತ ನೀವೇ ನಿಗದಿ ಮಾಡಿ, ಇದನ್ನು ಯಾರೂ ಹೇಳಲಿಲ್ಲ. ಎಲ್ಲ ಸ್ವಿಚ್‌ನ ಪ್ರಯಾರಿಟಿ ಮೊದಲಿಗೆ 32768 ಇರುತ್ತದೆ, ಸಂಖ್ಯೆ ಕಡಿಮೆ ಇದ್ದದ್ದು ಗೆಲ್ಲುತ್ತದೆ. ಸಮ ಬಂದರೆ ಮ್ಯಾಕ್ ಅಡ್ರೆಸ್ ಕಡಿಮೆ ಇದ್ದದ್ದು ರೂಟ್ ಆಗುತ್ತದೆ. ನಾಳೆ ಯಾರೋ ಮೂಲೆಯಲ್ಲಿ ಬಿದ್ದಿದ್ದ ಹಳೇ ಮ್ಯಾನೇಜ್ಡ್ ಸ್ವಿಚ್ ತಂದು ಸಿಕ್ಕಿಸಿದರೆ ಅದೇ ಯಜಮಾನ ಆಗಿ ಕೂರಬಹುದು. ಎಗೆ 4096, ಬಿಗೆ 8192 ಕೊಡಿ. 4096ರ ಲೆಕ್ಕದಲ್ಲೇ ಕೊಡಬೇಕು, ಮನಸ್ಸಿಗೆ ಬಂದ ಸಂಖ್ಯೆ ತಗೊಳ್ಳುವುದಿಲ್ಲ.

ಮತ್ತೆ, ಟೆಸ್ಟ್ ಮಾಡುವ ಮೊದಲು ಸೇವ್ ಮಾಡಿ. ಅಪ್ಲೈ ಬೇರೆ, ಸೇವ್ ಬೇರೆ. ಅಪ್ಲೈ ಮಾತ್ರ ಒತ್ತಿ ಪ್ಲಗ್ ಕಿತ್ತರೆ ಸ್ವಿಚ್ ಹಳೇ ಸೆಟಿಂಗ್‌ನಲ್ಲಿ ಎದ್ದು ಬರುತ್ತದೆ, ಎಲ್‌ಎಸಿಪಿ ಇಲ್ಲ, ಆರ್‌ಎಸ್‌ಟಿಪಿ ಇಲ್ಲ, ಎರಡು ಕೇಬಲ್ ಮಾತ್ರ ಇದೆ. ಮುಂದಿನದು ನೀವು ನೋಡಿಯೇ ಇದ್ದೀರಿ.

ವಾಸ್ಕೋ_ಕ್ರಿಂಪರ್

ಟೆಸ್ಟ್ ಅಂದರೆ ಕೇಬಲ್ ಕಿತ್ತು ನೋಡುವುದಲ್ಲ, ಎ ಸ್ವಿಚ್‌ನ ಪವರ್ ಕಿತ್ತು ನೋಡುವುದು. ಎರಡು ಪಿಸಿಯಲ್ಲಿ ಸರ್ವರ್‌ಗೆ ನಿಲ್ಲದ ಪಿಂಗ್ ಹಾಕಿಡಿ, ಒಂದು ಎಯಲ್ಲಿರಲಿ, ಒಂದು ಬಿಯಲ್ಲಿ. ನಿಮ್ಮ ಕಡೆ ಗುರುವಾರ ವಾರದ ರಜೆ ಅಲ್ವಾ, ಅವತ್ತು ಮಾಡಿ. ಕರೆಂಟ್ ಇದೆಯಾ ಅಂತ ಮೊದಲು ಕೇಳಿಕೊಳ್ಳಿ, ಗುರುವಾರವೇ ಲೈನ್ ರಿಪೇರಿ ಅಂತ ತೆಗೆಯುವುದೂ ಇದೆಯಂತೆ.

ಭೋಸರಿ_ಐಟಿ

ಗುರುವಾರ ಮಾಡಿದೆ. ಮಧ್ಯಾಹ್ನದ ತನಕ ಕರೆಂಟ್ ಇರಲಿಲ್ಲ, ಆಮೇಲೆ ಬಂತು.

ಎರಡನೇ ಯುಪಿಎಸ್‌ಗೆ ಒಪ್ಪಿದರು, ತಾಪ್ಕೀರ್ ಗಲ್ಲಿಯಿಂದ ತಂದೆ. ಎಲ್‌ಎಸಿಪಿ ಎದ್ದಿತು, ಎರಡೂ ಕೇಬಲ್ ಹಾಕಿದರೂ ಮಿಣಮಿಣ ಇಲ್ಲ. ಎಯ ಪವರ್ ಕಿತ್ತಾಗ ಬಿಯಲ್ಲಿದ್ದ ಪಿಸಿಯಲ್ಲಿ ಒಂದೋ ಎರಡೋ ಪಿಂಗ್ ಹೋಯಿತು, ಮತ್ತೆ ಬಂತು, ಟ್ಯಾಲಿ ಹಾಗೇ ತೆರೆದಿತ್ತು. ಹಳದಿ ಕೇಬಲ್ ಸಿಕ್ಕಿಸಿದ ಮೇಲೆ ನೆಟ್ ಕೂಡ ಬಂತು.

ಒಂದು ಮಾತ್ರ ಅರ್ಥವಾಗಲಿಲ್ಲ. ಎಗೆ ಪವರ್ ಕೊಟ್ಟ ಮೇಲೆ ಅದು ಬೂಟ್ ಆಗಿ, ಪೋರ್ಟ್ ಲೈಟ್ ಎಲ್ಲ ಹಸಿರಾದ ಮೇಲೂ ಅದರಲ್ಲಿರುವ ಪಿಸಿ, ಫೋನ್‌ಗಳಿಗೆ ಅರ್ಧ ನಿಮಿಷ ಏನೂ ಸಿಗಲಿಲ್ಲ. ಎರಡು ಫೋನ್ ಐಪಿ ಸಿಗದೆ ಹಾಗೇ ಕೂತಿದ್ದವು, ರೀಸ್ಟಾರ್ಟ್ ಮಾಡಬೇಕಾಯಿತು. ಮೊದಲು ಹೀಗಿರಲಿಲ್ಲ.

ಹಿಂಜವಡಿ_ಬೆಳಗಾವಿ

ಆರ್‌ಎಸ್‌ಟಿಪಿ ಆನ್ ಮಾಡಿದ್ದರ ಫಲ ಅದು. ಪೋರ್ಟಿನ ಆಚೆ ಇರುವುದು ಪಿಸಿಯೋ ಇನ್ನೊಂದು ಸ್ವಿಚ್ಚೋ ಅಂತ ಅದಕ್ಕೆ ಗೊತ್ತಿಲ್ಲ. ಆ ಕಡೆಯಿಂದ ಉತ್ತರ ಬರದಿದ್ದರೆ 15 ಸೆಕೆಂಡಿನ ಎರಡು ಹಂತ ಕಾದು ಆಮೇಲೆ ತೆರೆಯುತ್ತದೆ. ಫೋನ್ ಅಷ್ಟರಲ್ಲಿ ಐಪಿ ಹಂಚುವ ಡಿಎಚ್‌ಸಿಪಿಯನ್ನು ಕೇಳಿ ಕೇಳಿ ಬಿಟ್ಟುಬಿಡುತ್ತದೆ. ಪಿಸಿ, ಫೋನ್, ಸರ್ವರ್, ಸಿಸಿಟಿವಿ ಇರುವ ಪೋರ್ಟ್‌ಗಳಲ್ಲಿ ಎಡ್ಜ್ ಪೋರ್ಟ್ ಆನ್ ಮಾಡಿ, ಸಿಸ್ಕೋದವರು ಅದನ್ನೇ ಪೋರ್ಟ್‌ಫಾಸ್ಟ್ ಅನ್ನುತ್ತಾರೆ. ಲಿಂಕ್ ಬಂದ ಕೂಡಲೇ ತೆರೆಯುತ್ತದೆ. 23, 24ಕ್ಕೆ ಮಾತ್ರ ಬೇಡ.

ಅದರ ಜೊತೆಗೇ ಆ ಪೋರ್ಟ್‌ಗಳಿಗೆ ಬಿಪಿಡಿಯು ಗಾರ್ಡ್ ಹಾಕಿ. ಐಪಿ ಫೋನ್ ಹಿಂದೆ ಎರಡು ಪೋರ್ಟ್ ಇರುತ್ತವಲ್ಲ, ಒಂದು ಗೋಡೆಗೆ, ಒಂದು ಪಿಸಿಗೆ. ಟೇಬಲ್ ಸರಿಸುವಾಗ ಯಾರೋ ಎರಡನ್ನೂ ಗೋಡೆಯ ಸಾಕೆಟ್‌ಗೇ ಸಿಕ್ಕಿಸಿಬಿಡುತ್ತಾರೆ. ಎಲ್ಲ ಆಫೀಸಿನಲ್ಲೂ ಆಗುತ್ತದೆ. ಗಾರ್ಡ್ ಇದ್ದರೆ ತಾನೇ ಕಳಿಸಿದ ಬಿಪಿಡಿಯು ವಾಪಸ್ ಬಂದದ್ದು ನೋಡಿ ಆ ಪೋರ್ಟನ್ನು ಬಂದ್ ಮಾಡುತ್ತದೆ, ಉಳಿದವರು ಕೆಲಸ ಮಾಡುತ್ತಿರುತ್ತಾರೆ.

ಶಾಪ್ ಫ್ಲೋರ್‌ನ ಸಾದಾ ಸ್ವಿಚ್ ಇರುವ ಪೋರ್ಟಿಗೆ ಎಡ್ಜ್ ಬೇಡ, ಲೂಪ್ ಡಿಟೆಕ್ಷನ್ ಅಂತ ಬೇರೆ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ. ಅಲ್ಲಿ ಯಾರಾದರೂ ಅದರ ಕೇಬಲನ್ನು ಅದಕ್ಕೇ ಸಿಕ್ಕಿಸಿದರೆ ಮೇಲಿನ ಆಫೀಸಿಗೆ ತಗುಲಬಾರದು.

ಭೋಸರಿ_ಐಟಿ

ಎಡ್ಜ್ ಹಾಕಿದೆ, ಫೋನ್ ಈಗ ತಕ್ಷಣ ಏಳುತ್ತಿವೆ. ಗಾರ್ಡ್ ಹಾಕಿದ ಕೂಡಲೇ ಹಾಜರಿ ಮಷೀನ್ ಪಕ್ಕದ ಪೋರ್ಟ್ ಒಂದು ಬಂದ್ ಆಯಿತು! ಹೋಗಿ ನೋಡಿದರೆ ರಿಸೆಪ್ಷನ್ ಟೇಬಲ್ ಕೆಳಗೆ ಯಾರೋ ಒಂದು ಹಳೇ ವೈಫೈ ರೌಟರ್ ಇಟ್ಟುಕೊಂಡಿದ್ದಾರೆ. ಅದರ ಲ್ಯಾನ್ ಪೋರ್ಟಿನಿಂದಲೇ ನಮ್ಮ ಸ್ವಿಚ್‌ಗೆ ಎರಡು ಕೇಬಲ್ ಹೋಗಿದೆ, ಒಂದು ಸಾಕೆಟ್‌ನಿಂದ, ಇನ್ನೊಂದು ಫೋನ್‌ನ ಹಿಂದಿನಿಂದ. ಒಂದನ್ನು ಕಿತ್ತು ಪೋರ್ಟ್ ಮತ್ತೆ ಆನ್ ಮಾಡಿದ್ದೇನೆ. ರೌಟರ್ ಯಾರದು ಅಂತ ಇನ್ನೂ ಯಾರೂ ಒಪ್ಪಿಕೊಂಡಿಲ್ಲ.

ಅಂಧೇರಿ_ರಾತ್ರಿಪಾಳಿ

ಒಪ್ಪುವುದಿಲ್ಲ, ಬಿಡಿ. ಆ ರೌಟರ್‌ನ ಡಿಎಚ್‌ಸಿಪಿ ಆನ್ ಇದೆಯಾ ನೋಡಿ, ಇದ್ದರೆ ಎರಡನೇ ಕೇಬಲನ್ನೂ ಇವತ್ತೇ ಕೀಳಿ. ಎರಡೂ ಸ್ವಿಚ್‌ನ ಕಾನ್ಫಿಗ್ ಫೈಲ್ ಡೌನ್‌ಲೋಡ್ ಮಾಡಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಡಿ, ಆ ಸರ್ವರ್‌ನಲ್ಲಲ್ಲ.